ಕಾರ್ತಿಕದ ಬಿಸಿಲು

ಬೆಳಿಗ್ಗೆ ಒಂಬತ್ತು ಗಂಟೆಗೆಲ್ಲ ನೀಲಾಬಾಯಿ ತಿಕೋಟಾದ ದ್ರಾಕ್ಷಿ ತೋಟಗಾರರ ಸಂಘದ ಹಿಂದಿನ ಕೋಣೆಯ ಕಸ ಹೊಡೆದು, ಆಕ್ಸಿಜನ್ ಸಿಲಿಂಡರಿನ ಮುಳ್ಳು ಎಲ್ಲಿಗಿದೆ ಎಂದು ನೋಡಿ, ಸ್ಟ್ರೆಚರನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಹೊರಗೆ ಅವಳ ಗಂಡ ಸಿದ್ದರಾಮ ತನ್ನ ಟಂಟಂ ಆಟೋ ನಿಲ್ಲಿಸಿಕೊಂಡು, ವಿಜಯಪುರಕ್ಕೆ ಹೋಗುವ ಮಂದಿ ತುಂಬಲಿ ಎಂದು ಕಾಯುತ್ತಿದ್ದ.

“ಡಾಕ್ಟರಬಾಯಾರ, ಇವತ್ತ ಪೇಶಂಟ್ ಯಾರೂ ಇಲ್ಲೇನ್ರಿ? ನನಗರ ಒಂದು ಸೂಜಿ ಮಾಡ್ರಲ,” ಎಂದು ಅಲ್ಲಿಂದಲೇ ಕೂಗಿದ.

“ನಿಮ್ಮ ನಾಲಿಗಿಗೆ ಮಾಡೂ ಸೂಜಿ ಇನ್ನೂ ಬಂದಿಲ್ಲ. ಬಂದ ಮ್ಯಾಗ ಹೇಳ್ತೀನಿ,” ಎಂದಳು ನೀಲಾಬಾಯಿ.

ನಲವತ್ತಾರರ ವಯಸ್ಸಿನಲ್ಲಿ ಹೆಂಡತಿ ಪಾಠ ಕಲಿಯಲು ಹೋದದ್ದನ್ನು ಸಿದ್ದರಾಮ ಇನ್ನೂ ಹಾಸ್ಯ ಮಾಡುವುದನ್ನು ಬಿಟ್ಟಿರಲಿಲ್ಲ. ಹತ್ತೊಂಬತ್ತು ವರ್ಷ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕೂತು ಕಡ್ಡಿ ತೆಗೆದು, ಹಣ್ಣು ಬೇರ್ಪಡಿಸಿದವಳು ನೀಲಾಬಾಯಿ. ಹತ್ತನೆಯ ತರಗತಿ ಪಾಸಾದ ಕಾಗದವೊಂದು ಅವಳ ಟ್ರಂಕಿನ ತಳದಲ್ಲಿತ್ತು. ಹೋದ ವರ್ಷ ಹುಬ್ಬಳ್ಳಿಯ ಒಂದು ದತ್ತಿ ಸಂಸ್ಥೆ, ಹಳ್ಳಿಗಳಲ್ಲೇ ತುರ್ತು ಚಿಕಿತ್ಸೆ ಕೊಡಬಲ್ಲ ಹನ್ನೆರಡು ಮಂದಿಯನ್ನು ತಯಾರು ಮಾಡಲು ಮತ್ತು ಅವರ ಕೈಗೆ ಬೇಕಾದ ಸಾಮಾನು ಕೊಡಲು ಸಂಘಕ್ಕೆ ಅನುದಾನ ಕೊಟ್ಟಿತ್ತು. ಆ ಹನ್ನೆರಡರಲ್ಲಿ ಹನ್ನೊಂದು ಮಂದಿ ಮೀಸೆ ಮೂಡಿದ ಹುಡುಗರು, ಒಬ್ಬಳು ನೀಲಾಬಾಯಿ. ವಿಜಯಪುರದಲ್ಲಿ ಮೂರು ತಿಂಗಳ ತರಬೇತಿ ಮುಗಿಸಿ ಹುಡುಗರು ಸುತ್ತಲಿನ ತಮ್ಮ ತಮ್ಮ ಹಳ್ಳಿಗಳಿಗೆ ಹೋದ ಮೇಲೆ ತಿಕೋಟಾದ ಈ ಕೋಣೆಯ ಕೀಲಿಯೂ, ಯಾರಿಗೆ ಏನಾಯಿತು ಎಂದು ಬರೆದಿಡುವ ರಿಜಿಸ್ಟರೂ ಅವಳ ಕೈಗೆ ಬಂದವು. ಆರು ತಿಂಗಳಲ್ಲಿ ಚೇಳು ಕಡಿದ ಮಗುವನ್ನು ಉಳಿಸಿದ್ದಳು, ಬಬಲೇಶ್ವರದ ದಾರಿಯಲ್ಲಿ ಟಂಟಂನೊಳಗೇ ಒಂದು ಹೆರಿಗೆ ಮಾಡಿಸಿದ್ದಳು. ಊರಿನವರು ಈಗ ಅವಳನ್ನು ನೋಡಿ ನಗುವುದನ್ನು ಬಿಟ್ಟಿದ್ದರು, ಗಂಡನೊಬ್ಬನನ್ನು ಬಿಟ್ಟು.

ಅನುದಾನ ತಾನಾಗಿ ನಡೆದು ಬಂದಿರಲಿಲ್ಲ. ಅದನ್ನು ತಂದವರು ಸಂಘದ ಅಧ್ಯಕ್ಷ ಶಿವಯೋಗೆಪ್ಪ. ಎದೆನೋವೆಂದ ಅವರ ಅಣ್ಣನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೊರಟಾಗ ತೊರವಿ ದಾಟುವಷ್ಟರಲ್ಲಿ ಜೀವ ಹೋಗಿತ್ತು. ಅಣ್ಣನ ದಿನಕರ್ಮ ಮುಗಿದ ಮರುವಾರದಿಂದಲೇ ಶಿವಯೋಗೆಪ್ಪ ಅರ್ಜಿ ಹಿಡಿದು ಕಂಡ ಕಂಡ ಬಾಗಿಲು ಬಡಿದರು. ಹನ್ನೆರಡು ಎಕರೆ ದ್ರಾಕ್ಷಿ ತೋಟದ ಸಾಹುಕಾರ ಇನ್ನೊಬ್ಬರ ಆಫೀಸಿನ ಹೊರಗೆ ಬೆಂಚಿನ ಮೇಲೆ ತಾಸುಗಟ್ಟಲೆ ಕೂತದ್ದನ್ನು ನೀಲಾಬಾಯಿ ಕಣ್ಣಾರೆ ಕಂಡಿದ್ದಳು. ಅವರ ಮೇಲೆ ಅವಳಿಗೆ ಅಪಾರ ಗೌರವವಿತ್ತು, ಮತ್ತು ಆ ಗೌರವದಿಂದಲೇ ಅವಳು ಒಂದು ತಪ್ಪನ್ನು ಹನ್ನೊಂದು ಸಲ ಮಾಡಿದ್ದಳು.

ತಪ್ಪು ಇಂಥದ್ದು. ದಸರೆಯ ಹೊತ್ತಿಗೆ ಬಳ್ಳಿ ಸವರುವ ಚಾಟ್ನಿ ಕೆಲಸ ಮುಗಿದು ಹೊಸ ಚಿಗುರು ಬಂತೆಂದರೆ ರೋಗಕ್ಕೂ ಹುಳಕ್ಕೂ ಔಷಧ ಸಿಂಪಡಿಸಬೇಕು. ಈ ಕಡೆ ಅದಕ್ಕೆ ಎಣ್ಣೆ ಹೊಡೆಯುವುದು ಎನ್ನುತ್ತಾರೆ. ವಾರಕ್ಕೆ ಎರಡು ಸಲ, ಮೂರು ಸಲ, ಬಾಯಿಗೊಂದು ಟವೆಲು ಸುತ್ತಿಕೊಂಡು ಬರಿಗಾಲಲ್ಲಿ ಕೂಲಿಯವರು ಹೊಡೆಯುತ್ತಾರೆ. ಆಗಾಗ ಒಬ್ಬ ಬೀಳುತ್ತಾನೆ. ಬಿದ್ದವನನ್ನು ನೀಲಾಬಾಯಿ ತೊಳೆದು, ಮಲಗಿಸಿ, ಉಸಿರು ನೋಡಿ, ಬೇಕಾದರೆ ಆಸ್ಪತ್ರೆಗೆ ಕಳಿಸುತ್ತಾಳೆ. ಆಮೇಲೆ ರಿಜಿಸ್ಟರಿನಲ್ಲಿ ‘ಬಿಸಿಲು ಬಡಿದು ತಲೆಸುತ್ತು’ ಎಂದು ಬರೆಯುತ್ತಾಳೆ. ಮೊದಲ ಸಲ ಹಾಗೆ ಬರೆಯಲು ಹೇಳಿದವರು ಶಿವಯೋಗೆಪ್ಪ. ವಿಷವೆಂದು ಬರೆದರೆ ಪೊಲೀಸರು ಬರುತ್ತಾರೆ, ತಿಕೋಟಾದ ಮಾಲಿನಲ್ಲಿ ವಿಷವಿದೆ ಎಂದು ವ್ಯಾಪಾರಸ್ಥರು ಮುಖ ತಿರುಗಿಸುತ್ತಾರೆ ಎಂದಿದ್ದರು. ಆದರೆ ಬಿದ್ದವರ ಮನೆಯವರೂ ಅದನ್ನೇ ಬೇಡುತ್ತಿದ್ದರು. ವಿಷದ ಮಾತು ಬಂದರೆ ಊರು ಕೇಳುವ ಮೊದಲ ಪ್ರಶ್ನೆ ‘ಯಾಕ ಕುಡದ?’ ಎಂದು. ತೋಟದಲ್ಲಿ ದುಡಿಯುತ್ತ ಬಿದ್ದವನು ಜೀವ ತೆಗೆದುಕೊಳ್ಳಲು ಹೋಗಿದ್ದ ಎಂಬ ಹೆಸರು ಹೊತ್ತು ತಿರುಗಬೇಕಾಗುತ್ತದೆ. ಹೀಗೆ ಎಲ್ಲರಿಗೂ ಬಿಸಿಲೇ ಅನುಕೂಲವಾಗಿತ್ತು. ಕಾರ್ತಿಕದ ಚಳಿಯಲ್ಲಿ, ಸ್ವೆಟರು ಹಾಕಿಕೊಂಡ ಮಂದಿಗೆ ಬಿಸಿಲು ಬಡಿಯುವ ಊರು ಭೂಮಿಯ ಮೇಲೆ ಇದೊಂದೇ ಇರಬೇಕು.

ಅಂದು ಸೋಮವಾರ. ಸಿದ್ದರಾಮನ ಟಂಟಂ ತುಂಬಿ ಹೊರಟ ಮೇಲೆ ಶಿವಯೋಗೆಪ್ಪ ಫೋನು ಕಿವಿಗೆ ಹಿಡಿದುಕೊಂಡೇ ಕೋಣೆಯೊಳಗೆ ಬಂದರು. ಮುಖ ಇಳಿದಿತ್ತು. ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟರು. ಆ ಕಡೆ ಮಾತಾಡುತ್ತಿದ್ದವಳು ದತ್ತಿ ಸಂಸ್ಥೆಯ ಅಧಿಕಾರಿ ಶಾಂಭವಿ.

“ನಿಮ್ಮ ಆರು ತಿಂಗಳ ವರದಿ ನೋಡಿದ್ವಿರಿ. ಇಪ್ಪತ್ಮೂರು ಪ್ರಕರಣದಾಗ ಹನ್ನೊಂದು ಬಿಸಲಿಂದು. ವಿಷದ್ದು ಒಂದೂ ಇಲ್ಲ. ಎರಡನೇ ವರ್ಷಕ್ಕ ಬಬಲೇಶ್ವರದ ಕಡೆ ಹತ್ತು ಹಳ್ಳಿಗೆ ಆಕ್ಸಿಜನ್ನು, ವಿಷದ ಚಿಕಿತ್ಸೆದ್ದು ತರಬೇತಿ ಕೇಳೀರಿ. ವರದಿ ನೋಡಿದ್ರ ಅದರ ಜರೂರ ಕಾಣಂಗಿಲ್ಲ. ಅದರ ಬದಲಿ ಕುಡಿಯೂ ನೀರಿನ ಕ್ಯಾನು, ಓಆರೆಸ್ ಪಾಕೀಟು, ಛತ್ರಿ ಕೊಡೋಣು ಅಂತ ಮ್ಯಾಲಿನವರು ಹೇಳ್ಯಾರ. ಗುರುವಾರ ಸ್ಟೇಷನ್ ರಸ್ತೆದಾಗ ಸಭಾ ಐತಿ, ಬರ್ರಿ. ಅಲ್ಲೇ ಮುಗಸೂಣು.”

ಫೋನು ಕಟ್ಟಾಯಿತು. 

“ಛತ್ರಿ,” ಎಂದಳು ನೀಲಾಬಾಯಿ.

“ಏನರ ಹೇಳಿ ಒಪ್ಪಸ್ತೀನಿ. ಮುಂದ ಬರಬಹುದು, ಮೊದಲ ತಯಾರ ಇರಬೇಕು ಅಂತ ಹೇಳ್ತೀನಿ,” ಎಂದರು ಶಿವಯೋಗೆಪ್ಪ. ಅವರ ದನಿಯಲ್ಲಿ ಅವರಿಗೇ ನಂಬಿಕೆ ಇರಲಿಲ್ಲ.

ಮರುದಿನ ಮಂಗಳವಾರ, ಹತ್ತೂವರೆಯ ಸುಮಾರಿಗೆ ನೀಲಾಬಾಯಿಯ ಫೋನು ರಿಂಗಾಯಿತು. ತೋಟದ ಕೂಲಿ ಅಮೋಘಿ ಏದುಸಿರು ಬಿಡುತ್ತಿದ್ದ. “ನೀಲಕ್ಕ, ತುಕಾರಾಮ ಬಿದ್ದಾನ. ಶಿವಯೋಗೆಪ್ಪ ಸಾವ್ಕಾರ್ರ ತೋಟದಾಗ. ಲಗೂನ ಬಾ.”

ಸಿದ್ದರಾಮ ಕೂತಿದ್ದ ಮಂದಿಯನ್ನೆಲ್ಲ ಇಳಿಸಿ, ಒಬ್ಬ ಮುದುಕನ ಬೈಗುಳ ತಿಂದು, ಗಾಡಿ ತಿರುಗಿಸಿದ. ಇಂಥ ಹೊತ್ತಿನಲ್ಲಿ ಅವನು ಹಾಸ್ಯ ಮಾಡುತ್ತಿರಲಿಲ್ಲ.

ದ್ರಾಕ್ಷಿಯ ಚಪ್ಪರದಡಿ ತುಕಾರಾಮ ಅಂಗಾತ ಬಿದ್ದಿದ್ದ. ಅಂಗಿ ಮೈಗೆ ಅಂಟಿಕೊಂಡಿತ್ತು, ಬಾಯಿಂದ ಜೊಲ್ಲು ಇಳಿಯುತ್ತಿತ್ತು, ತೊಡೆಯ ಮಾಂಸ ತಾನಾಗಿ ಅದುರುತ್ತಿತ್ತು. ನೀಲಾಬಾಯಿ ಕಣ್ಣುರೆಪ್ಪೆ ಎತ್ತಿ ನೋಡಿದಳು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಪಕ್ಕದಲ್ಲಿ ಅವನ ಹೆಂಡತಿ ತಾಯವ್ವ ಅವನ ಕಾಲು ತಿಕ್ಕುತ್ತ ಕೂತಿದ್ದಳು. ಶಿವಯೋಗೆಪ್ಪನವರ ಮಗ ಚೇತನಕುಮಾರ ದೂರ ನಿಂತಿದ್ದ. ತೋಟ ನೋಡಿಕೊಳ್ಳುವವನು ಅವನೇ.

“ಯಾವ ಎಣ್ಣಿ ಚೇತನಪ್ಪ?” ಕೇಳಿದಳು ನೀಲಾಬಾಯಿ, ಕೈಗವಸು ಏರಿಸಿಕೊಳ್ಳುತ್ತ.

“ಬಿಸಲಿಗೆ ಬಿದ್ದಾನ ನೀಲಕ್ಕ. ಮುಂಜಾನಿ ಏನೂ ಉಂಡಿದ್ದಿಲ್ಲಂತ.”

ಔಷಧ ಕಲಸುವ ಕಟ್ಟೆಯ ಮೇಲೆ ಚಹಾ ಕುಡಿದ ಲೋಟ, ಬೀಡಿ ಕಟ್ಟು, ತೊಯ್ದ ಕೋಲು ಎಲ್ಲ ಇದ್ದವು. ಬಾಟಲಿ ಮಾತ್ರ ಇರಲಿಲ್ಲ. ನೀಲಾಬಾಯಿ ಇನ್ನೊಮ್ಮೆ ಕೇಳಲಿಲ್ಲ. ಕೈಗಳು ಕಲಿತದ್ದನ್ನು ಮಾಡತೊಡಗಿದವು. ಅಂಗಿ, ಪೈಜಾಮ ಕತ್ತರಿಸಿ ತೆಗೆದಳು. ಮೂರು ಸಲ ಸಾಬೂನು ಹಚ್ಚಿ, ಕೂದಲಿನಿಂದ ಉಗುರಿನವರೆಗೆ ತೊಳೆದಳು. ಒಣ ಚಾದರ ಸುತ್ತಿ, ಮಗ್ಗುಲಾಗಿ ಮಲಗಿಸಿ, ಮೂಗಿಗೆ ಆಕ್ಸಿಜನ್ ಹಚ್ಚಿದಳು. ಆಂಬುಲೆನ್ಸು ಬಬಲೇಶ್ವರದ ಕಡೆ ಹೆರಿಗೆಗೆ ಹೋಗಿದೆ, ಬರಲು ತಾಸಾಗಬಹುದು ಎಂದು ಫೋನಿನಲ್ಲಿ ಹೇಳಿದರು. ನಾಲ್ವರು ಸೇರಿ ಸ್ಟ್ರೆಚರನ್ನು ಟಂಟಂಗೆ ಏರಿಸಿದರು.

ದಾರಿಯಲ್ಲಿ ತಾಯವ್ವ ನೀಲಾಬಾಯಿಯ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು.

“ಯಕ್ಕಾ, ದವಾಖಾನ್ಯಾಗ ಬಿಸಲ ಅಂತ ಹೇಳು. ನಿನ್ನ ಕಾಲ ಹಿಡಿತೀನಿ. ಹೋದ ವರ್ಷ ನಮ್ಮ ಓಣ್ಯಾಗ ಒಬ್ಬಾಂವ ಎಣ್ಣಿ ಹೊಡಿಯಾಕ ಹೋಗಿ ಬಿದ್ದ. ಹೆಂಡತಿ ಕಾಟಕ್ಕ ಕುಡದ ಅಂದ್ರು ಮಂದಿ. ಇನ್ನೂ ಅಕಿ ನೀರಿಗೆ ಬಂದ್ರ ಅಂತಾರ. ನನ್ನ ಮಗಳು ಲಕ್ಷ್ಮೀದು ಲಗ್ನ ನಿಶ್ಚಯ ಆಗೇದ ಯಕ್ಕಾ. ಅಪ್ಪ ವಿಷ ಕುಡದ ಮನಿ ಅಂದ್ರ ಅವರು ಬರ್ತಾರೇನ?”

ನೀಲಾಬಾಯಿ ಇನ್ನೊಂದು ಕೈಯಿಂದ ತುಕಾರಾಮನ ಬಾಯಿಯ ಜೊಲ್ಲು ಒರೆಸಿದಳು.

ವಿಜಯಪುರದ ಆಸ್ಪತ್ರೆಯಲ್ಲಿ ಅದೇ ಹೊತ್ತಿಗೆ ಬಸ್ಸು-ಲಾರಿ ಡಿಕ್ಕಿಯಾದ ಗಾಯಾಳುಗಳು ಬಂದಿದ್ದರು. ಒಬ್ಬಳೇ ಡಾಕ್ಟರು, ರಾಜೇಶ್ವರಿ ಎಂಬ ತೆಳ್ಳನೆಯ ಹುಡುಗಿ, ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಓಡುತ್ತಿದ್ದಳು. ಓಡುತ್ತಲೇ ಕೇಳಿದಳು: “ಏನಾಗೇದ್ರಿ ಇವರಿಗೆ?”

ನೀಲಾಬಾಯಿಯ ಬಾಯಿಂದ ಬಂದದ್ದು ಆರು ತಿಂಗಳು ರೂಢಿಯಾದ ಮಾತು. “ಬಿಸಲ ಬಡದೈತ್ರಿ.”

ಅವಳ ಪರವಾಗಿ ಏನಾದರೂ ಹೇಳಬಹುದಾದರೆ, ಅವಳ ಮುಂಗೈಯನ್ನು ತಾಯವ್ವ ಇನ್ನೂ ಬಿಟ್ಟಿರಲಿಲ್ಲ. ಆದರೆ ಅದೂ ಒಂದು ನೆಪವೇ. ಡಾಕ್ಟರು ಬಗ್ಗಿ ಮೂಸಿ ನೋಡಿದಳು. ತುಕಾರಾಮನ ಮೈಯಿಂದ ಸಾಬೂನಿನ ವಾಸನೆ ಬಿಟ್ಟು ಇನ್ನೇನೂ ಬರಲಿಲ್ಲ. ಸಲೈನ್ ಹಚ್ಚಲು ನರ್ಸಿಗೆ ಹೇಳಿ, ರಕ್ತ ಸೋರುತ್ತಿದ್ದ ಇನ್ನೊಬ್ಬನ ಕಡೆ ಓಡಿದಳು.

ಇಪ್ಪತ್ತು ನಿಮಿಷ ಕಳೆಯಿತು. ತುಕಾರಾಮನ ಎದೆಯಲ್ಲಿ ನೀರು ಕುದಿಯುವಂಥ ಸದ್ದು ಶುರುವಾಯಿತು. ಬೆರಳಿಗೆ ಹಚ್ಚಿದ ಕ್ಲಿಪ್ಪಿನಲ್ಲಿ ಅಂಕಿ ಇಳಿಯುತ್ತಿತ್ತು.  ಇವನನ್ನು ಕೊಲ್ಲುತ್ತಿರುವುದು ತನ್ನ ಮಾತು ಎಂದು ನೀಲಾಬಾಯಿಗೆ ನಿಚ್ಚಳವಾಗಿ ಗೊತ್ತಾಯಿತು. ತಾಯವ್ವನ ಕೈ ಬಿಡಿಸಿಕೊಂಡು, ನಡುವೆ ನಿಂತಿದ್ದ ಮಂದಿಯನ್ನು ಸರಿಸಿ, ಡಾಕ್ಟರರ ರಟ್ಟೆ ಹಿಡಿದು ನಿಲ್ಲಿಸಿದಳು.

“ಬಾಯಾರ, ನಾ ಸುಳ್ಳ ಹೇಳೇನಿ. ಬಿಸಲಲ್ಲ. ದ್ರಾಕ್ಷಿಗೆ ಎಣ್ಣಿ ಹೊಡಿಯಾಕತ್ತಿದ್ದ.”

“ಮತ್ತ ವಾಸನಿನ ಇಲ್ಲಲ್ರಿ ಮೈಯಾಗ!”

“ನಾನ ತೊಳದೇನ್ರಿ. ಮೂರ ಸಲ.”

ರಾಜೇಶ್ವರಿ ಅವಳನ್ನು ಒಂದು ಕ್ಷಣ ನೋಡಿದಳು. ಬೈಯಲು ಅವಳಿಗೆ ಪುರಸೊತ್ತಿರಲಿಲ್ಲ. ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ನರ್ಸಿಗೆ ಇಂಜೆಕ್ಷನ್ನಿನ ಹೆಸರು ಕೂಗಿದಳು. “ಯಾವ ಔಷಧ ಅದು? ಬಾಟ್ಲಿ ಮ್ಯಾಲಿನ ಹೆಸರ ಬೇಕು ನನಗ. ಈಗಿಂದೀಗ.”

ನೀಲಾಬಾಯಿ ಹೊರಗೆ ಬಂದು ಚೇತನಕುಮಾರನಿಗೆ ಫೋನು ಮಾಡಿದಳು.

“ಬಾಟ್ಲಿ ಎಲ್ಲೈತಿ ಚೇತನಪ್ಪ?”

“ಅಪ್ಪಾರಿಗೆ ಒಂದ ಮಾತ ಕೇಳಿ ಹೇಳ್ತೀನಿ ನೀಲಕ್ಕ.”

“ನೀ ಅಪ್ಪಾರಿಗೆ ಕೇಳೂದ್ರಾಗ ಇವನ ಉಸಿರ ನಿಂತ್ರ ಯಾರಿಗೆ ಕೇಳ್ತೀದಿ? ಅಂವ ಮುಂಜಾನಿ ನಿನ್ನ ಕೂಡ ಚಹಾ ಕುಡದಾನ.”

 ಆ ಕಡೆ ಹುಡುಗ ಅಳುತ್ತಿದ್ದಾನೆಂದು ಗೊತ್ತಾಯಿತು. “ಹಳ್ಳದಾಗ ಒಗದೇನಿ,” ಎಂದ. “ತಡಿ, ಇಳಿತೀನಿ.”

ಹತ್ತು ನಿಮಿಷಕ್ಕೆ ಕೆಸರು ಮೆತ್ತಿದ ಬಾಟಲಿಯ ಚಿತ್ರ ಫೋನಿಗೆ ಬಂತು. ಅದನ್ನು ನೋಡಿ ಡಾಕ್ಟರು ಇನ್ನೊಂದು ಔಷಧ ಸೇರಿಸಿದಳು. ಮಧ್ಯಾಹ್ನದ ಹೊತ್ತಿಗೆ ತುಕಾರಾಮನ ಗಂಟಲಿಗೆ ನಳಿಕೆ ಹಾಕಿ ಯಂತ್ರದಿಂದ ಉಸಿರು ಕೊಡತೊಡಗಿದರು. ಎರಡು ದಿನ ಏನೂ ಹೇಳಲಾಗದು ಎಂದಳು ರಾಜೇಶ್ವರಿ. ವಿಷದ ಪ್ರಕರಣವಾದ್ದರಿಂದ ಪೊಲೀಸರಿಗೆ ತಿಳಿಸಲೇಬೇಕು, ಹೇಳಿಕೆ ಪಡೆಯಲು ಬರುತ್ತಾರೆ ಎಂದೂ ಹೇಳಿದಳು. ಅದನ್ನು ಕೇಳಿದ ತಾಯವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ನೀಲಾಬಾಯಿಗೆ ಬೆನ್ನು ಮಾಡಿ ಕೂತಳು. ಸಂಜೆಯವರೆಗೆ ತಿರುಗಿ ನೋಡಲಿಲ್ಲ.

ಬುಧವಾರ ಬೆಳಿಗ್ಗೆ ಶಿವಯೋಗೆಪ್ಪ ಆಸ್ಪತ್ರೆಗೆ ಬಂದರು. ಗಾಜಿನಾಚೆ ಮಲಗಿದ್ದ ತುಕಾರಾಮನನ್ನು ನೋಡಿದರು, ತಾಯವ್ವನ ಮುಂದೆ ನಿಂತರು, ಆಮೇಲೆ ಹೊರಗೆ ಬಂದು ಬೇವಿನ ಕಟ್ಟೆಯ ಮೇಲೆ ಕೂತರು. ನೀಲಾಬಾಯಿ ಅಲ್ಲಿಗೇ ಹೋದಳು. ಬಗಲಲ್ಲಿ ರಿಜಿಸ್ಟರಿತ್ತು.

“ಸಾವ್ಕಾರ್ರ, ಈ ಹನ್ನೊಂದೂ ತಿದ್ದಿ ಬರಿಯಾಕಿ ನಾನು. ನಾಳೆ ಸಭಾದಾಗ ಇದನ್ನ ಇಡ್ತೀನಿ.”

ಶಿವಯೋಗೆಪ್ಪ ತಲೆಯೆತ್ತಿದರು. “ಏನ ಮಾತಾಡಾಕತ್ತೀದಿ ನೀಲಾಬಾಯಿ? ಆರ ತಿಂಗಳ ಸುಳ್ಳ ವರದಿ ಕೊಟ್ಟೇವಿ ಅಂತ ನಾವ ಬಾಯಿಬಿಟ್ಟ ಹೇಳಿದ್ರ, ಇದ್ದದ್ದೂ ಕಸಗೋತಾರ. ಸಿಲಿಂಡರೂ ಹೋಕ್ಕಾವು, ಸ್ಟ್ರೆಚರೂ ಹೋಕ್ಕೈತಿ. ನಾಳೆ ಇನ್ನೊಬ್ಬಾಂವಗ ಎದಿನೋವ ಬಂದ್ರ ಮತ್ತ ಟ್ರ್ಯಾಕ್ಟರ್ ಹುಡುಕೂದೇನು? ಇದನ್ನ ತರಾಕ ನಾ ಎಷ್ಟ ಬಾಗಿಲ ಕಾದೇನಿ ನಿನಗ ಗೊತ್ತೈತಿ.”

“ಗೊತ್ತೈತ್ರಿ. ಅದಕ್ಕ ನೀವು ಹೇಳಿದಂಗ ಬರದೆ. ಆದ್ರ ಈಗ ಏನ ಬರಾಕತ್ತೈತ್ರಿ ನಮಗ? ಛತ್ರಿ. ನಿಮ್ಮ ತೋಟದಾಗ ಬಿದ್ದಾಂವನ ಮ್ಯಾಲೆ ಛತ್ರಿ ಹಿಡಿದ್ರ ಅಂವ ಏಳ್ತಾನೇನ್ರಿ?”

“ಪೊಲೀಸ್ರು, ವ್ಯಾಪಾರಸ್ಥರು… ಅವರಿಗೆ ಯಾರ ಉತ್ತರ ಕೊಡ್ತಾರ? ಬರೇ ನನ್ನ ತೋಟಲ್ಲ. ನಾಕ ನೂರ ಮನಿ ಈ ಬೆಳಿ ಮ್ಯಾಲೆ ನಿಂತಾವ.”

“ಹೌದ್ರಿ. ಆ ಮನಿಯವ್ರನ ಎಣ್ಣಿ ಹೊಡಿಯೂದು. ನಿನ್ನೆ ನಾ ದವಾಖಾನ್ಯಾಗ ಬಿಸಲ ಅಂತ ಹೇಳೇನ್ರಿ. ಇಪ್ಪತ್ತ ನಿಮಿಷ ಅವನ್ನ ಸಾಯಾಕ ಬಿಟ್ಟು ನಿಂತಿದ್ದೆ. ಇನ್ನೊಮ್ಮೆ ಆ ಮಾತ ನನ್ನ ಬಾಯಿಂದ ಬರಂಗಿಲ್ಲ. ನೀವು ನನ್ನ ಕೀಲಿ ಕಸಗೊಂಡ್ರೂ ಬರಂಗಿಲ್ಲ.”

ಶಿವಯೋಗೆಪ್ಪ ಎದ್ದು ಚಪ್ಪಲಿ ಮೆಟ್ಟಿದರು. “ನಿನ್ನ ಖುಷಿ. ಆದ್ರ ನಾಳೆ ನಾ ನಿನ್ನ ಹಿಂದ ನಿಂದ್ರಂಗಿಲ್ಲ,” ಎಂದು ಹೇಳಿ ಹೋದರು.

ಆ ದಿನವಿಡೀ ನೀಲಾಬಾಯಿ ಗಂಡನ ಟಂಟಂನಲ್ಲಿ ತಿರುಗಿದಳು. ತುಕಾರಾಮನದು ರಿಜಿಸ್ಟರಿಗೆ ಇನ್ನೂ ಏರಿರಲಿಲ್ಲ, ಹಿಂದಿನ ಹನ್ನೊಂದು ಮಂದಿಯ ಮನೆಗೆ ಹೋಗಬೇಕಿತ್ತು. ಮೊದಲ ಮನೆಯವನು ಬಾಗಿಲಲ್ಲೇ ನಿಲ್ಲಿಸಿ, “ಮುಗದ ಮಾತ ಯಾಕ ಕೆದರ್ತೀದಿ?” ಎಂದ. ಎರಡನೆಯ ಮನೆಯಲ್ಲಿ ಅತ್ತೆ ಸೊಸೆಯನ್ನು ಒಳಗೆ ಕಳಿಸಿ, ನೀಲಾಬಾಯಿಗೆ ನೀರೂ ಕೊಡಲಿಲ್ಲ. ಎಲ್ಲರ ಹೆದರಿಕೆಯೂ ಒಂದೇ. ಕುಡಿದ ಎನ್ನುತ್ತಾರೆ. ಮೂರನೆಯ ಮನೆಯ ಹೊರಗೆ ಕೂತು ನೀಲಾಬಾಯಿ ಯೋಚಿಸಿದಳು. ಆಮೇಲೆ ಅಮೋಘಿಯನ್ನು ಕರೆಸಿದಳು. ಅವನು ಹೆಚ್ಚುಕಡಿಮೆ ಎಲ್ಲ ತೋಟಗಳಲ್ಲೂ ಎಣ್ಣೆ ಹೊಡೆಯುವ ಪೈಪು ಎಳೆದವನು, ಬಿದ್ದವರಲ್ಲಿ ಏಳು ಜನರನ್ನು ಕಣ್ಣಾರೆ ಕಂಡವನು.

“ಬರೇ ವಿಷ ಅಂತ ಬರಿಯಂಗಿಲ್ಲ,” ಎಂದಳು ಅವಳು. “ಯಾವ ತೋಟದಾಗ, ಯಾವ ಎಣ್ಣಿ ಹೊಡಿಯುವಾಗ, ಮಗ್ಗಲದಾಗ ಯಾರಿದ್ರು, ಎಲ್ಲಾ ಬರಿತೀನಿ. ಕಂಡಾಂವ ಕೆಳಗ ಸಹಿ ಮಾಡ್ತಾನ. ದುಡಿಯುವಾಗ ಬಿದ್ದಾನ ಅಂತ ಕಂಡಾಂವ ಹೇಳಿದ ಮ್ಯಾಲ ಕುಡದ ಅಂತ ಯಾರ ಅಂತಾರ?”

ಅಮೋಘಿ ತಲೆ ಕೆರೆದುಕೊಂಡ. “ನನಗ ಕೆಲಸ ಯಾರ ಕೊಡ್ತಾರ ಆಮ್ಯಾಗ ನೀಲಕ್ಕ?” ಎಂದು ಕೇಳಿದ. ಗೊತ್ತಿಲ್ಲವೆಂದೇ ಅವಳು ಹೇಳಿದಳು. ಅವನು ಪೆನ್ನಿಗಾಗಿ ಕೈ ಚಾಚಿದ. ಸಂಜೆಯ ಹೊತ್ತಿಗೆ ಹನ್ನೊಂದರಲ್ಲಿ ಒಂಬತ್ತು ಮನೆಯವರು ಒಪ್ಪಿದ್ದರು. ಹಳೆಯ ಮಾತಿನ ಮೇಲೆ ಒಂದೇ ಒಂದು ಗೆರೆ ಎಳೆದು, ಅದು ಓದಲು ಬರುವಂತೆಯೇ ಬಿಟ್ಟು, ಕೆಳಗೆ ನಿಜ ಬರೆದು, ನೀಲಾಬಾಯಿ ತನ್ನ ಸಹಿ ಹಾಕಿದಳು. ಒಪ್ಪದ ಇಬ್ಬರದನ್ನು ಮುಟ್ಟಲಿಲ್ಲ.

ಕೊನೆಗೆ ಆಸ್ಪತ್ರೆಗೆ ಹೋಗಿ ತಾಯವ್ವನ ಪಕ್ಕ ಕೂತಳು. ತಾಯವ್ವ ಎಲ್ಲವನ್ನೂ ಕೇಳಿಸಿಕೊಂಡಳು.

“ಬರಿ,” ಎಂದಳು. “ಆದ್ರ ನೀ ಬರದ್ರ, ಅಮೋಘಿ ಸಹಿ ಮಾಡಿದ್ರ, ಊರ ನಂಬಂಗಿಲ್ಲ ಯಕ್ಕಾ. ಕೂಲಿಯವ್ರು ಒಬ್ಬರಿಗೊಬ್ಬರು ಆಗ್ತಾರ ಅಂತಾರ. ತೋಟದ ಸಾವ್ಕಾರ ಹೇಳಬೇಕು. ಅವರು ಹೇಳ್ತಾರೇನು?”

ಗುರುವಾರ ಸ್ಟೇಷನ್ ರಸ್ತೆಯ ಒಂದು ಅಂಗಡಿ ಸಾಲಿನ ಮೇಲಿನ ಹಾಲ್‌ನಲ್ಲಿ ಸಭೆ ಸೇರಿತು. ಶಾಂಭವಿ, ಸಂಸ್ಥೆಯ ಇಬ್ಬರು ಹಿರಿಯರು, ಸಂಘದ ಕಡೆಯಿಂದ ಶಿವಯೋಗೆಪ್ಪ ಮತ್ತು ನೀಲಾಬಾಯಿ. ಶಿವಯೋಗೆಪ್ಪ ಅವಳಿಗಿಂತ ಎರಡು ಕುರ್ಚಿ ಆಚೆ ಕೂತಿದ್ದರು. ಶಾಂಭವಿ ಕಾಗದ ಬಿಡಿಸುವ ಮೊದಲೇ ನೀಲಾಬಾಯಿ ಎದ್ದು ನಿಂತು ರಿಜಿಸ್ಟರನ್ನು ಮೇಜಿನ ಮೇಲೆ ತೆರೆದಿಟ್ಟಳು. 

“ನಮಗ ಛತ್ರಿ ಬ್ಯಾಡ್ರಿ. ನಮ್ಮ ವರದಿ ಸುಳ್ಳೈತಿ. ಇಲ್ಲಿ ಬಿಸಲ ಅಂತ ಬರದದ್ದು ಬಿಸಲಲ್ಲ, ಎಣ್ಣಿ. ಒಂಬತ್ತ ತಿದ್ದೇನಿ. ಹೊಸಾದೊಂದು ಐತಿ, ಅಂವ ಇಲ್ಲೇ ದವಾಖಾನ್ಯಾಗ ಮಶೀನಿನ ಮ್ಯಾಲ ಅದಾನ. ಬಬಲೇಶ್ವರದ ಕಡೆ ನಮಗಿಂತ ಜಾಸ್ತಿ ತೋಟ ಅದಾವ. ಅಲ್ಲೆ ಬಿದ್ದಾಂವನ್ನ ಹೆಂಗ ತೊಳಿಬೇಕು, ಹೆಂಗ ಮಲಗಿಸಬೇಕು ಅಂತ ಗೊತ್ತಿದ್ದಾವ್ರು ಒಬ್ಬರೂ ಇಲ್ಲ. ಅದನ್ನ ಕಲಸ್ರಿ. ಆಕ್ಸಿಜನ್ ಕೊಡ್ರಿ.”

ಶಾಂಭವಿ ಪುಟಗಳನ್ನು ಒಂದೊಂದಾಗಿ ತಿರುವಿದಳು. “ಕಾರ್ತಿಕದಾಗ ಇಷ್ಟ ಬಿಸಲೇನು ಅಂತ ನನಗೂ ಅನಿಸಿತ್ರಿ,” ಎಂದಳು ಮೆಲ್ಲಗೆ. “ವಿಜಯಪುರದ ಸೀಮಿ, ಇರಬಹುದು ಅಂತ ಸುಮ್ಮನಾದೆ.”

ಹಿರಿಯರಲ್ಲಿ ಒಬ್ಬರು ಕನ್ನಡಕ ತೆಗೆದರು. “ಸುಳ್ಳು ವರದಿ ಕೊಟ್ಟವರಿಗೆ ನಾವು ಅನುದಾನ ಮುಂದುವರಿಸುವ ಹಾಗಿಲ್ಲ. ಅದು ನಿಯಮ,” ಎಂದರು.

“ನಿಯಮ ಕೊಟ್ಟವರ ಮ್ಯಾಲೆ ಇರ್ಲಿರಿ, ಬಿದ್ದವರ ಮ್ಯಾಲೆ ಯಾಕ್ರಿ?” ಎಂದಳು ನೀಲಾಬಾಯಿ. “ಬರದಾಕಿ ನಾನು. ಕೈ ನಂದು, ಸಹಿ ನಂದು. ನನ್ನ ತಗೀರಿ.”

“ಹಾಂಗ ಬರಿ ಅಂತ ನಿಮಗ ಯಾರರ ಹೇಳಿದ್ರೇನ್ರಿ?” ಕೇಳಿದಳು ಶಾಂಭವಿ.

ನೀಲಾಬಾಯಿ ಪಕ್ಕಕ್ಕೆ ನೋಡಲಿಲ್ಲ. “ಬರದಾಕಿ ನಾನ್ರಿ,” ಎಂದು ಅದನ್ನೇ ಹೇಳಿದಳು.

ಇಬ್ಬರು ಹಿರಿಯರೂ ಶಾಂಭವಿಯೂ ತಲೆಗೆ ತಲೆ ಕೊಟ್ಟು ಮಾತಾಡಿಕೊಂಡರು. ಕೆಳಗಿನ ರಸ್ತೆಯ ಗಾಡಿಗಳ ಸದ್ದು ಹಾಲ್‌ನಲ್ಲಿ ತುಂಬಿತ್ತು. ಕಡೆಗೆ ಕನ್ನಡಕದ ಹಿರಿಯರು ಹೇಳಿದರು. ತರಬೇತಿ, ಆಕ್ಸಿಜನ್ ಎರಡೂ ಬಬಲೇಶ್ವರಕ್ಕೆ ಹೋಗಲಿ. ಆದರೆ ತಪ್ಪು ದಾಖಲೆಗೆ ಕಾರಣರಾದವರು ಇನ್ನು ಈ ಕೆಲಸದಲ್ಲಿ ಇರಬಾರದು. ನೀಲಾಬಾಯಿ ಕೋಣೆಯ ಕೀಲಿಯನ್ನು ಇವತ್ತೇ ಒಪ್ಪಿಸಬೇಕು.

 ಆ ಕೋಣೆಯ ಮೇಲೆ ತನಗೆಷ್ಟು ಪ್ರೀತಿ ಇತ್ತೆಂಬುದು ನೀಲಾಬಾಯಿಗೆ ಆಗಲೇ ತಿಳಿದದ್ದು. ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿ ತೆಗೆದು ಮೇಜಿನ ಮೇಲಿಟ್ಟಳು.

“ತಡಿ ನೀಲಾಬಾಯಿ.”

ಶಿವಯೋಗೆಪ್ಪ ಎದ್ದಿದ್ದರು. ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. “ಅಕಿ ಬರದಾಳ, ಬರಸಿದಾಂವ ನಾನು. ಮೊದಲನೇ ಸಲ ಅಕಿ ಒಲ್ಲೆ ಅಂದ್ಲು. ನಾ ಮಗ್ಗಲದಾಗ ನಿಂತು ಬರಸೇನಿ. ತಗಿಯೂದಿದ್ರ ನನ್ನ ತಗೀರಿ. ಅಧ್ಯಕ್ಷ ಅನ್ನೂದೂ ಬ್ಯಾಡ, ಬೋರ್ಡ ಮ್ಯಾಲಿನ ಹೆಸರೂ ಬ್ಯಾಡ. ಅಕಿನ್ನ ಬಿಡ್ರಿ. ಅಕಿ ಕೈ ಬಿಟ್ರ ನಮ್ಮೂರಾಗ ಆ ಕೆಲಸ ಮಾಡೂ ಕೈ ಇನ್ನೊಂದಿಲ್ಲ.”  ಎರಡು ವರ್ಷ ಬಾಗಿಲು ಬಾಗಿಲು ತಿರುಗಿ ಕಟ್ಟಿದ್ದನ್ನು ಒಂದು ಮಾತಿನಲ್ಲಿ ಬಿಟ್ಟುಕೊಡುವುದು ಸುಲಭವಲ್ಲ. ನೀಲಾಬಾಯಿಗೆ ಅವರನ್ನು ನೋಡಿ ಸಂಕಟವೂ ಆಯಿತು, ಹೆಮ್ಮೆಯೂ ಆಯಿತು. ಅಧ್ಯಕ್ಷರು ಸ್ಥಾನ ಬಿಡಲಿ, ಅವಳು ಇರಲಿ ಎಂದು ಹಿರಿಯರು ಒಪ್ಪಿದರು. ಕೀಲಿಯನ್ನು ಶಾಂಭವಿಯೇ ತಿರುಗಿ ಅವಳ ಕೈಗೆ ಕೊಟ್ಟಳು.

ಮೆಟ್ಟಿಲಿಳಿದು ಕೆಳಗೆ ಬಂದಾಗ ಶಿವಯೋಗೆಪ್ಪ ತಮ್ಮ ಕಾರಿನ ಕಡೆ ಹೋಗದೆ ಸಿದ್ದರಾಮನ ಟಂಟಂ ಹತ್ತಿ ಕೂತರು.

“ದವಾಖಾನಿಗೆ ನಡಿ,” ಎಂದರು. ಆಮೇಲೆ ನೀಲಾಬಾಯಿಯನ್ನು ಕೇಳಿದರು: “ತಾಯವ್ವ ಏನರ ಕೇಳಿದ್ಲೇನು?”

“ನೀವು ಹೇಳಬೇಕಂತ್ರಿ. ಅಂವ ಕುಡದಿಲ್ಲ ಅಂತ.”

ಸಿದ್ದರಾಮ ಗಾಡಿಯನ್ನು ಆಸ್ಪತ್ರೆಯ ಕಡೆ ತಿರುಗಿಸಿದ. 

ಆಸ್ಪತ್ರೆಯಲ್ಲಿ ತುಕಾರಾಮನ ಗಂಟಲಿನ ನಳಿಕೆ ಇನ್ನೂ ತೆಗೆದಿರಲಿಲ್ಲ, ಆದರೆ ಕೈ ಹಿಂಡಿದರೆ ತಿರುಗಿ ಹಿಂಡುತ್ತಿದ್ದಾನೆ, ಅಪಾಯ ದಾಟಿದ ಹಾಗೆಯೇ ಎಂದು ಡಾಕ್ಟರ್ ರಾಜೇಶ್ವರಿ ಹೇಳಿದಳು. ವಾರ್ಡಿನ ಹೊರಗಿನ ಕಾರಿಡಾರಿನಲ್ಲಿ ಬೆಂಚುಗಳ ತುಂಬ ಮಂದಿ. ತಿಕೋಟಾದಿಂದ ನೋಡಲು ಬಂದ ಓಣಿಯವರು, ಬೀಗರಾಗಬೇಕಾದ ಮನೆಯಿಂದ ಬಂದಿದ್ದ ಇಬ್ಬರು ಗಂಡಸರು, ಎಲ್ಲರೂ ಅಲ್ಲಿದ್ದರು. ನಡುವೆ ಒಂದು ಸ್ಟೂಲಿನ ಮೇಲೆ ಕೂತು ಪೊಲೀಸ್ ಪೇದೆ ಜಿಲಾನಿ ತಾಯವ್ವನಿಗೆ ಪ್ರಶ್ನೆ ಕೇಳುತ್ತಿದ್ದ. ಮನೆಯಲ್ಲಿ ಜಗಳವಾಗಿತ್ತೇ, ಸಾಲವಿತ್ತೇ, ಕುಡಿಯುವ ಚಟವಿತ್ತೇ. ತಾಯವ್ವ ತಲೆ ತಗ್ಗಿಸಿ ಇಲ್ಲ, ಇಲ್ಲ ಎನ್ನುತ್ತಿದ್ದಳು. ಬೀಗರ ಕಡೆಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಶಿವಯೋಗೆಪ್ಪ ನೇರವಾಗಿ ಹೋಗಿ ಪೇದೆಯ ಮುಂದೆ ನಿಂತರು. “ಅಕಿಗೆ ಏನೂ ಕೇಳಬ್ಯಾಡ್ರಿ. ಹೇಳಿಕಿ ನಾ ಕೊಡ್ತೀನಿ. ತೋಟ ನಂದು.”

ಜಿಲಾನಿ ಅವರನ್ನು ಗುರುತು ಹಿಡಿದು ಎದ್ದು ಕುರ್ಚಿ ಹುಡುಕಿದ. ಅವರು ಕೂರಲಿಲ್ಲ. ನಿಂತೇ ಹೇಳಿದರು, ಜಿಲಾನಿ ಬರೆದುಕೊಂಡ. ಯಾವ ದಿನ, ಯಾವ ಹೊತ್ತು, ಯಾವ ಔಷಧ, ಮುಖಕ್ಕೆ ಕೈಗೆ ಏನೂ ಕೊಟ್ಟಿರಲಿಲ್ಲ ಎಂಬುದು, ಮಗ ಬಾಟಲಿಯನ್ನು ಹಳ್ಳಕ್ಕೆ ಎಸೆದದ್ದು, ಹಾಗೆ ಎಸೆಯುವುದನ್ನು ಮಗನಿಗೆ ಕಲಿಸಿದವನು ತಾನೇ ಎಂಬುದು. ಬರೆದು ಮುಗಿದ ಮೇಲೆ ರೂಢಿಯಂತೆ ಜಿಲಾನಿ ಅದನ್ನು ಓದಿ ಹೇಳಿದ, ಮೆಲ್ಲನೆ, ಬಾಯೊಳಗೇ. “…ಸದರಿ ತುಕಾರಾಮನು ನನ್ನ ತೋಟದಲ್ಲಿ, ನಾನು ಹೇಳಿದ ಕೆಲಸ ಮಾಡುತ್ತಿರುವಾಗ ಔಷಧ ಮೈಗೆ ಸೋಕಿ ಬಿದ್ದಿರುತ್ತಾನೆ. ತಾನಾಗಿ ಏನನ್ನೂ ಕುಡಿದಿರುವುದಿಲ್ಲ.”

ಶಿವಯೋಗೆಪ್ಪ ಸಹಿ ಮಾಡಲು ಬಗ್ಗಿದರು.

“ಸಾಹೇಬ್ರ,” ಎಂದಳು ತಾಯವ್ವ. ಎರಡು ದಿನದ ಮೇಲೆ ಮೊದಲ ಸಲ ಅವಳ ಸೆರಗು ಮುಖದಿಂದ ಸರಿದಿತ್ತು. “ಕಡೀಕ ಓದಿದ್ರೆಲ್ಲ, ಅದನ್ನ ಇನ್ನೊಮ್ಮೆ ಓದ್ರಿ. ಸ್ವಲ್ಪ ಜೋರ.”

ಜಿಲಾನಿ ಶಿವಯೋಗೆಪ್ಪನವರ ಮುಖ ನೋಡಿದ. ಅವರು ಓದು ಎಂದು ತಲೆಯಾಡಿಸಿದರು. ಜಿಲಾನಿ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಕಾರಿಡಾರಿನ ಕೊನೆಯ ಬೆಂಚಿಗೂ ಕೇಳುವಂತೆ ಓದಿದ.